ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ಪೆಡಲ್ ಮೆತ್ತಗಾಯಿತೇ? ಮೊದಲು ಇವನ್ನು ನೋಡಿ



ಈ ವಾರ ಬೆಳೆ, ಗೊಬ್ಬರದ ಮಾತು ಬಿಟ್ಟು ಬ್ರೇಕಿನ ವಿಷಯ ಬರೀತಿದ್ದೀನಿ. ಕಾರಣ ಇದೆ. ನಮ್ಮ ಹುಲ್ಲಹಳ್ಳಿ ಕಡೆ ನಾಲೆ ಏರಿ ಮೇಲೆ ಹೋಗದೆ ಎಷ್ಟೋ ಗದ್ದೆ ಸೇರೋಕೆ ಆಗಲ್ಲ. ಒಂದು ಕಡೆ ಕಪಿಲೆ ನೀರು, ಇನ್ನೊಂದು ಕಡೆ ತಗ್ಗು. ಅಂಥ ದಾರಿಯಲ್ಲಿ ಬಾಳೆಗೊನೆ ತುಂಬಿದ ಗಾಡಿ ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯ ಹಳೇ ಜೀಪಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಇತ್ತು. ಮಳೆಗಾಲದಲ್ಲಿ ಡ್ರಮ್ಮಿಗೆ ನೀರು ಹೊಕ್ಕರೆ ಸರಿಯಾಗಿ ಹಿಡೀತಿರಲಿಲ್ಲ. ಹಾಗಾಗಿ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸಿದೆ. ಗ್ಯಾರೇಜಿನಿಂದ ಗಾಡಿ ತಂದ ದಿನವೇ ಪೆಡಲ್ ಮೆತ್ತಗಿತ್ತು, ಸ್ಪಂಜು ಅದುಮಿದ ಹಾಗೆ. ಕೇಳಿದ್ದಕ್ಕೆ ಕೆಲಸದ ಹುಡುಗ, "ಹೊಸದಲ್ವಾ ಮಾವ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅಂದ. ನಂಬಿದೆ.

ಮೂರನೇ ದಿನ ಏರಿಯಿಂದ ಇಳಿಯುವಾಗ ಎದುರಿಗೆ ದನ ಹೊಡ್ಕೊಂಡು ಒಬ್ಬ ಅಜ್ಜಿ ಬಂದರು. ಬ್ರೇಕ್ ತುಳಿದೆ, ಪೆಡಲ್ ತಳ ಮುಟ್ಟಿತು. ಬಿಟ್ಟು ಮತ್ತೆ ತುಳಿದಾಗ ಹಿಡೀತು. ಹಸುವಿಗೂ ಬಂಪರಿಗೂ ಮಧ್ಯ ಒಂದು ಮೊಳ ಜಾಗ ಇರಲಿಲ್ಲ. ಗಾಡಿಯನ್ನು ಮೊದಲ ಗೇರಿನಲ್ಲೇ ಮನೆಗೆ ತಂದು ನಿಲ್ಲಿಸಿದೆ. ರಿಪೇರಿ ಆಗೋವರೆಗೆ ತೆಗೆಯಲಿಲ್ಲ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳೋಕೆ ಸ್ವಲ್ಪ ಓಡಾಟ ಬೇಕು ಅನ್ನೋದು ನಿಜ. ಅದರಿಂದ ಹಿಡಿತ ಹೆಚ್ಚುತ್ತೆ. ಪೆಡಲ್ ತಳ ಮುಟ್ಟೋದು ಮಾತ್ರ ಬೇರೆ ಕಾಯಿಲೆ, ಓಡಿಸಿದರೆ ವಾಸಿಯಾಗಲ್ಲ.

ಮೆತ್ತಗಾಗೋದು ಯಾಕೆ?

ಬ್ರೇಕ್ ಆಯಿಲನ್ನು ಅದುಮಿದರೆ ಅದು ಕುಗ್ಗಲ್ಲ. ಅದಕ್ಕೇ ಕಾಲಿನ ಒತ್ತಡ ನೇರವಾಗಿ ಚಕ್ರಕ್ಕೆ ಮುಟ್ಟುತ್ತೆ. ಗಾಳಿ ಹಾಗಲ್ಲ, ಕುಗ್ಗುತ್ತೆ. ಪೈಪಿನಲ್ಲಿ ಸ್ವಲ್ಪ ಗಾಳಿ ಉಳಿದರೂ ನೀವು ತುಳಿದಿದ್ದೆಲ್ಲ ಆ ಗಾಳಿ ಕುಗ್ಗಿಸೋಕೇ ಹೋಗುತ್ತೆ. ಪಂಪ್‌ಸೆಟ್ ಗಾಳಿ ಹಿಡಿದರೆ ನೀರು ಎತ್ತಲ್ಲ ಅಲ್ವಾ? ಹೆಚ್ಚೂ ಕಡಿಮೆ ಅದೇ ಕಥೆ.

ಕಾಲಿನಲ್ಲೇ ಮಾಡುವ ಪರೀಕ್ಷೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ನೋಡಿ.

1. ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಮೇಲೆ ಬರುತ್ತೆ, ಆದರೆ ಸ್ಪಂಜಿನ ಹಾಗಿದೆ: ಒಳಗೆ ಗಾಳಿ ಇದೆ.
2. ಪಂಪ್ ಮಾಡಿದರೆ ಮೇಲೆ ಬಂದು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ: ಹಿಂದಿನ ಬ್ರೇಕ್ ಶೂ ಡ್ರಮ್ಮಿನಿಂದ ದೂರ ಇದೆ, ಅಡ್ಜಸ್ಟ್ ಮಾಡಬೇಕು.
3. ಒಂದೇ ಸಮ ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತೆ: ಎಲ್ಲೋ ಸೋರಿಕೆ ಇದೆ. ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪಿನ ಮೇಲೆ ಅನುಮಾನ ಪಡಿ.
4. ತಣ್ಣಗಿದ್ದಾಗ ಸರಿ, ಇಳಿಜಾರಿನಲ್ಲಿ ಬಿಸಿಯಾದ ಮೇಲೆ ಮೆತ್ತಗೆ: ಆಯಿಲ್ ಹಳೆಯದಾಗಿ ನೀರು ಹೀರಿದೆ, ಇಲ್ಲವೇ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಉಜ್ಜುತ್ತಿದೆ. ಜಾಕಿ ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತೆ.

ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿದು, ಕಾಲು ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಆಗ ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು. ಅದು ದೋಷ ಅಲ್ಲ, ಬೂಸ್ಟರ್ ಕೆಲಸ ಮಾಡ್ತಿದೆ ಅಂತ ಅರ್ಥ.

ನನ್ನ ಜೀಪಿನಲ್ಲಿ ಆಗಿದ್ದು

ನಾನು ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂತು, ಸ್ಪಂಜಿನ ಹಾಗೇ ಇತ್ತು. ಗಾಳಿ ಅಂತ ಖಾತ್ರಿಯಾಯಿತು. ಮಗನನ್ನು ಕೂರಿಸಿಕೊಂಡು ಮೂರು ಸಲ ಏರ್ ತೆಗೆದೆ. ಒಂದು ಬಾಟಲಿ ಆಯಿಲ್ ಖಾಲಿ. ಪೆಡಲ್ ಹಾಗೇ. ಗ್ಯಾರೇಜಿಗೆ ಫೋನ್ ಮಾಡಿದರೆ, "ಮಾಸ್ಟರ್ ಸಿಲಿಂಡರ್ ಬದಲಾಯಿಸಿಬಿಡಿ" ಅಂದರು.

ಅಷ್ಟರಲ್ಲಿ ಮಗ ಚಕ್ರದ ಹತ್ತಿರ ಕೂತು, "ಅಪ್ಪ, ಏರ್ ಬಿಡೋ ನಿಪ್ಪಲ್ ಯಾಕೆ ಕೆಳಗಡೆ ಇದೆ? ನಮ್ಮ ಪೈಪ್‌ಲೈನಲ್ಲಿ ಏರ್ ವಾಲ್ವ್ ದಿಬ್ಬದ ಮೇಲಲ್ವಾ ಇರೋದು?" ಅಂದ. ಆಗ ಕಣ್ಣು ಬಿಟ್ಟೆ. ಗಾಳಿ ಯಾವಾಗಲೂ ಮೇಲಕ್ಕೇ ಸೇರುತ್ತೆ. ಬಲಗಡೆ ಕ್ಯಾಲಿಪರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಕೂರಿಸಿದ್ದರು. ಬೋಲ್ಟು ಎರಡು ಕಡೆಯೂ ಸರಿಯಾಗಿ ಕೂರುತ್ತೆ, ಆದರೆ ಬ್ಲೀಡರ್ ನಿಪ್ಪಲ್ ಕೆಳಕ್ಕೆ ಹೋಗುತ್ತೆ. ಎಷ್ಟು ಸಲ ಏರ್ ತೆಗೆದರೂ ಆಯಿಲ್ ಬರುತ್ತೆ, ಗಾಳಿ ಮೇಲೇ ಉಳಿಯುತ್ತೆ.

ಕ್ಯಾಲಿಪರ್ ಅದಲು ಬದಲು ಮಾಡಿ, ಹೋಸ್ ಕೂರುವ ಕಡೆ ಹೊಸ ತಾಮ್ರದ ವಾಷರ್ ಹಾಕಿ ಏರ್ ತೆಗೆದೆವು. ಸ್ಪಂಜು ಹೋಯ್ತು. ಆದರೂ ಪೆಡಲ್ ಕೆಳಗೇ ಹಿಡೀತಿತ್ತು, ಎರಡನೇ ತುಳಿತಕ್ಕೆ ಗಟ್ಟಿಯಾಗಿ ಮೇಲೆ ಬರ್ತಿತ್ತು. ಅಂದರೆ ಮೇಲಿನ ಎರಡನೇ ಲಕ್ಷಣ. ಡಿಸ್ಕಿನ ಗಡಿಬಿಡಿಯಲ್ಲಿ ಹಿಂದಿನ ಶೂ ಯಾರೂ ಮುಟ್ಟಿರಲಿಲ್ಲ. ಚಕ್ರ ಎತ್ತಿ, ಶೂ ಉಜ್ಜುವವರೆಗೆ ಅಡ್ಜಸ್ಟರ್ ಬಿಗಿದು, ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲ ಮಾಡಿದೆ. ಪೆಡಲ್ ಸರಿಹೋಯ್ತು. ಮಾಸ್ಟರ್ ಸಿಲಿಂಡರಿನ ದುಡ್ಡು ಉಳೀತು.

ಏರ್ ತೆಗೆಯುವ ಕ್ರಮ

ಗಾಡಿ ಎತ್ತಿದ ಮೇಲೆ ಬರೀ ಜಾಕಿ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗೆ ಬೇರೆ ಕ್ರಮ ಇದೆ, ಕೈಪಿಡಿ ಇದ್ದರೆ ಅದನ್ನೇ ಅನುಸರಿಸಿ.

ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ನಿಧಾನವಾಗಿ ತುಳಿದು ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು. ಬಿಗಿದ ಮೇಲೆಯೇ ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ವಾಪಸ್ ಎಳ್ಕೊಳ್ಳುತ್ತೆ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಡಬೇಡಿ. ಹಳೇ ಮಾಸ್ಟರ್ ಸಿಲಿಂಡರ್ ಆದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ತಳಕ್ಕೆ ತುಳಿದರೆ ಒಳಗಿನ ತುಕ್ಕಿನ ಭಾಗಕ್ಕೆ ರಬ್ಬರ್ ಕಪ್ ಉಜ್ಜಿ ಕೆಡಬಹುದು.

ಇಷ್ಟೆಲ್ಲ ಆದರೂ ಸರಿಹೋಗದಿದ್ದರೆ

- ಹೋಸ್: ಹಳೇ ರಬ್ಬರ್ ಹೋಸ್ ತುಳಿದಾಗ ಉಬ್ಬುತ್ತಾ ನೋಡಿ. ಉಬ್ಬಿದರೆ ಬದಲಾಯಿಸಿ.
- ಮಾಸ್ಟರ್ ಸಿಲಿಂಡರ್ ಅಳತೆ: ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಹೆಚ್ಚು ಆಯಿಲ್ ಬೇಕಾಗಬಹುದು. ಮುಕ್ಕಾಲು ಇಂಚಿನ ಸಿಲಿಂಡರ್ ಸಾಲದೆ ಹೋಗಬಹುದು. ಅದರ ಬದಲು ಒಂದು ಇಂಚಿನದು ಹಾಕಿದರೆ ಅಷ್ಟೇ ಆಯಿಲಿಗೆ ಪೆಡಲ್ ಓಟ ಸುಮಾರು ಶೇ. 56ಕ್ಕೆ ಇಳಿಯುತ್ತೆ. ಆದರೆ ಅಷ್ಟೇ ಬಲದಲ್ಲಿ ತುಳಿದರೆ ಒತ್ತಡವೂ ಶೇ. 56ಕ್ಕೆ ಇಳಿಯುತ್ತೆ. ದೊಡ್ಡದಾದಷ್ಟೂ ಒಳ್ಳೇದು ಅಂತ ಇಲ್ಲ.
- ನೆಲಹಾಸಿನ ಕೆಳಗೆ ಮಾಸ್ಟರ್ ಸಿಲಿಂಡರ್ ಇರುವ ಹಳೇ ಜೀಪು: ಕ್ಯಾಲಿಪರ್ ಮೇಲೆ, ಸಿಲಿಂಡರ್ ಕೆಳಗೆ ಇದ್ದರೆ ಆಯಿಲ್ ವಾಪಸ್ ಇಳಿಯುತ್ತೆ. ರಾತ್ರಿಯೆಲ್ಲ ನಿಂತ ಗಾಡಿಯ ಮೊದಲ ತುಳಿತ ಖಾಲಿ ಹೋಗುತ್ತೆ. ಡಿಸ್ಕ್ ಲೈನಿಗೆ ಸರಿಯಾದ ರೆಸಿಡ್ಯುಯಲ್ ವಾಲ್ವ್ ಬೇಕು. ಡ್ರಮ್ಮಿನ ವಾಲ್ವ್ ಹಾಕಿದರೆ ಪ್ಯಾಡ್ ಉಜ್ಜಿ ಬಿಸಿಯಾಗುತ್ತೆ.

ಆಯಿಲ್ ವಿಷಯದಲ್ಲಿ ಎಚ್ಚರ

ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ, ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತೆ. ಮಹದೇಶ್ವರ ಬೆಟ್ಟದ ತಿರುವುಗಳನ್ನು ಲೋಡ್ ಸಮೇತ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತೆ. ತೆರೆದು ಬಹಳ ದಿನ ಇಟ್ಟ ಬಾಟಲಿ ಬಳಸಬೇಡಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್, ಎಂಜಿನ್ ಆಯಿಲ್ ಒಂದು ತೊಟ್ಟೂ ಹಾಕಬೇಡಿ. ರಬ್ಬರ್ ಊದಿ ಇಡೀ ಬ್ರೇಕ್ ಹಾಳಾಗುತ್ತೆ. ರಬ್ಬರ್ ಕಪ್ಪನ್ನು ಸೀಮೆಎಣ್ಣೆ, ಪೆಟ್ರೋಲಲ್ಲಿ ತೊಳೆಯೋದೂ ಬೇಡ.

ಕೊನೆಯ ಮಾತು

ಬ್ರೇಕ್ ಬದಲಾಯಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧ ಇದೆ. ರಿಪೇರಿ ಆದ ಮೇಲೆ ಮೊದಲು ಕಣದಲ್ಲೋ ಖಾಲಿ ಜಾಗದಲ್ಲೋ ನಿಧಾನವಾಗಿ ಓಡಿಸಿ, ಆಮೇಲೆ ಖಾಲಿ ಗಾಡಿಯಲ್ಲಿ ರಸ್ತೆಗೆ ಹೋಗಿ, ಕೊನೆಗೆ ಲೋಡ್ ಹಾಕಿ ನೋಡಿ. ಗ್ಯಾರೇಜಿನಿಂದ ಗಾಡಿ ತರುವಾಗ ಎರಡು ಕೆಲಸ ಮಾಡಿ: ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ, ಪೆಡಲನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದು ನೋಡಿ. ಮೆತ್ತಗಿದ್ದರೆ, ಯಾರು ಏನೇ ಹೇಳಲಿ, ಗಾಡಿ ಅಲ್ಲೇ ಬಿಟ್ಟು ಬನ್ನಿ. ಆ ಅಜ್ಜಿ ಇವತ್ತಿಗೂ ಅದೇ ಏರಿ ಮೇಲೆ ದನ ಹೊಡ್ಕೊಂಡು ಬರ್ತಾರೆ. ನೋಡಿದಾಗಲೆಲ್ಲ ನನಗೆ ಆ ಮೂರು ದಿನ ನೆನಪಾಗುತ್ತೆ.