ಇಳಕಲ್ಲಿನ ಕಿರಿಯ ವಿಕೆಟ್‌ಕೀಪರನಿಗೆ

ಗ್ಲೌಸನ್ನು ಮೂಲೆಗಿಟ್ಟು ನೆಟ್ಸ್‌ನಲ್ಲಿ ಬ್ಯಾಟು ಬೀಸುವುದರಲ್ಲೇ ಮೈಮರೆತಿರುವ ಇಳಕಲ್ಲಿನ ಕಿರಿಯ ಕೀಪರನ ಬಗ್ಗೆ ಮನೆಯ ಹಿರಿಯನಿಗೆ ಹುಟ್ಟಿರುವ ಆತಂಕವೇ ಈ ಪತ್ರಕ್ಕೆ ಕಾರಣ. ರಾಹುಲ್ ದ್ರಾವಿಡ್ 2003ರ, ಕೆ.ಎಲ್. ರಾಹುಲ್ 2023ರ ವಿಶ್ವಕಪ್‌ನಲ್ಲಿ ಬ್ಯಾಟಿನ ಬಲದಿಂದಲೇ ಸ್ಟಂಪಿನ ಹಿಂದೆ ನಿಂತವರಾದ್ದರಿಂದ ರನ್ನಿನ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಬ್ಯಾಟು, ಗ್ಲೌಸು ಎರಡೂ ದಾರಿಗಳು ತೆರೆದಿವೆ. ಆದರೂ ಚೆಂಡು ಹಿಡಿಯಲು ಬಾರದವನನ್ನು ಕೀಪರ್ ಎನ್ನಲಾಗದು.

ಆಲಮಟ್ಟಿಯ ಹಿನ್ನೀರಿಗೆ ತಗ್ಗಿನ ಓಣಿಗಳನ್ನು ಬಿಟ್ಟುಕೊಟ್ಟು ಜನ ನವನಗರಕ್ಕೆ ಹೋಗುವ ಮುನ್ನ, ಹಳೆಯ ಬಾಗಲಕೋಟೆಯಲ್ಲಿ ಆ ಹಿರಿಯನ ಪೀಳಿಗೆ ಎರೆನೆಲದ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುತ್ತಿತ್ತು. ತಂಡಕ್ಕೊಂದೇ ಜೋಡಿ ಗ್ಲೌಸ್; ಒಳಗವಸಿನ ಬದಲು ಹಳೆಯ ಬನಿಯನ್ನಿನ ಪಟ್ಟಿ; ಬೆರಳು ಉಳುಕಿದರೆ ಅರಿಶಿನ, ಸುಣ್ಣ. ಕೈ ಬಿಗಿ ಹಿಡಿದರೆ ಚೆಂಡು ಚಿಮ್ಮುತ್ತದೆ, ಚೆಂಡಿನೊಡನೆ ಕೈ ತುಸು ಹಿಂದೆ ಸರಿದರೆ ನಿಲ್ಲುತ್ತದೆ ಎಂಬುದನ್ನು ಕಲಿಸಿದ್ದು ಆ ನೋವೇ. ಅವರಿಗೆ ಆದರ್ಶವಾಗಿದ್ದವರು ಸೈಯದ್ ಕಿರ್ಮಾನಿ. ಭಾರತ ತಂಡದ ಕೀಪರ್ ಫಾರೂಕ್ ಎಂಜಿನಿಯರ್ ಬೆನ್ನಿಗೆ ವರ್ಷಗಟ್ಟಲೆ ಕಾದು 1976ರಲ್ಲಿ ಟೆಸ್ಟ್ ಪ್ರವೇಶಿಸಿದ ಅವರು, ಎರಡನೆಯ ಪಂದ್ಯದಲ್ಲೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದು ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. 88 ಟೆಸ್ಟ್‌ಗಳಲ್ಲಿ 198 ಬಲಿ ಪಡೆದರು. ಸ್ಪಿನ್ನರ್ ಚಂದ್ರಶೇಖರರ ವೇಗದ ಗೂಗ್ಲಿಯನ್ನು, ಅಂದರೆ ಲೆಗ್‌ಸ್ಪಿನ್ನಿನಂತೆ ತೋರಿ ಒಳಕ್ಕೆ ತಿರುಗುವ ಎಸೆತವನ್ನು, ಸ್ಟಂಪಿನ ಬೆನ್ನಿಗೇ ನಿಂತು ಹಿಡಿದ ಕೈಗಳವು.

ಅಂಥ ಕೈಗೆ ಮೊದಲ ಪಾಠ ಪುಟಿತದ್ದು: ಬೇಸ್‌ಬಾಲಿನ ಕ್ಯಾಚರಿಗೆ ಚೆಂಡು ಸಾಮಾನ್ಯವಾಗಿ ನೆಲ ಮುಟ್ಟದೆ ಬರುತ್ತದೆ, ಕೀಪರಿಗೆ ಪುಟಿದು ಬರುತ್ತದೆ. ಆದ್ದರಿಂದ ಚೆಂಡು ಬೀಳುವವರೆಗೆ ಕುಕ್ಕರಗಾಲಿನಲ್ಲೇ ಇದ್ದು ಅದರ ಪುಟಿತಕ್ಕೆ ತಕ್ಕಂತೆ ಏಳಬೇಕು. ಮೊದಲೇ ಎದ್ದವನ ಕೈಯಡಿ ಚೆಂಡು ನುಸುಳುತ್ತದೆ. ಬೆರಳುಗಳು ನೆಲವನ್ನೋ ಆಕಾಶವನ್ನೋ ಪಕ್ಕವನ್ನೋ ನೋಡಬೇಕೇ ಹೊರತು ಚೆಂಡಿನತ್ತ ಚಾಚಿರಬಾರದು.

ಇಷ್ಟನ್ನೂ ಬಿಟ್ಟು ಮೊಬೈಲ್ ವಿಡಿಯೊಗಾಗಿ ಬೇಡದ ಡೈವ್ ಹೊಡೆಯುವುದು, ಬೈ ರನ್ ಹೋದಾಗ, ಎಂದರೆ ಬ್ಯಾಟಿಗೂ ಮೈಗೂ ತಾಗದ ಚೆಂಡು ಕೈತಪ್ಪಿದಾಗ, ಗ್ಲೌಸನ್ನು ದೂರುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ. ನಿಯಮವೇ ಹೆಬ್ಬೆರಳು, ತೋರುಬೆರಳುಗಳ ನಡುವೆ ಮಾತ್ರ ಜಾಲಕ್ಕೆ ಅವಕಾಶ ಕೊಟ್ಟಿದೆ. ಉಳಿದದ್ದು ಕೈಯ ಕೆಲಸ. ಈ ಮಾತು ಖಾರವೆನಿಸಿದರೆ, ಹುನಗುಂದದ ಮೈದಾನದಲ್ಲಿ ಅವನು ಲೆಗ್ ಸೈಡಿನಲ್ಲಿ, ಬ್ಯಾಟರನ ಬೆನ್ನ ಬದಿಯಲ್ಲಿ, ಹಿಡಿದ ಚೆಂಡುಗಳನ್ನು ಕಂಡವರ ಮಾತಿದು ಎಂದು ತಿಳಿಯಲಿ; ಇಲ್ಲದ ಕೈಗುಣಕ್ಕೆ ಯಾರೂ ಇಷ್ಟು ಸಿಟ್ಟಾಗುವುದಿಲ್ಲ. ಮನೆಯ ಹಿತ್ತಿಲ ಗೋಡೆಗೆ ಚೆಂಡೆಸೆದು ದಿನವೂ ಅರ್ಧ ಗಂಟೆ ಹಿಡಿಯಲಿ, ಬ್ಯಾಟು ಆಮೇಲೆ.