ಸಂಶೋಧನೆಯ ವಿವರ ಎಲ್ಲರಿಗೂ ಸಿಗಲಿ: ಗ್ರಂಥಾಲಯದಿಂದಲೇ ಶುರು ಮಾಡಿ

ಅಹಮದಾಬಾದಿನ ವಟ್ವಾ ಬಣ್ಣ ಮತ್ತು ರಾಸಾಯನಿಕ ಕಾರ್ಖಾನೆಗಳ ಪ್ರದೇಶ. ಅಲ್ಲಿನ ತ್ಯಾಜ್ಯನೀರಿನ ಬಗ್ಗೆ ಯಾರು ಏನು ಸಂಶೋಧನೆ ಮಾಡಿದ್ದಾರೆಂದು ಹುಡುಕಹೊರಟವರಿಗೆ ಮೊದಲ ತೊಡಕು ಊರಿನ ಹೆಸರೇ. ಇಂಗ್ಲಿಷಿನಲ್ಲಿ ಕೆಲವರು ಅದನ್ನು ಎರಡು ‘ವಿ’ ಹಾಕಿ ಬರೆಯುತ್ತಾರೆ, ಕೆಲವರು ಎರಡನೆಯದರ ಬದಲು ‘ಡಬ್ಲ್ಯು’ ಹಾಕುತ್ತಾರೆ. ಒಂದನ್ನು ಟೈಪಿಸಿದರೆ ಇನ್ನೊಂದು ತಪ್ಪಿಹೋಗಬಹುದು. ಲೇಖಕರು, ಸಂಸ್ಥೆ, ಅನುದಾನ, ಉಲ್ಲೇಖಪಟ್ಟಿಯಂಥ ವಿವರಗಳು ಸ್ಕೋಪಸ್, ವೆಬ್ ಆಫ್ ಸೈನ್ಸ್ ಡೇಟಾಬೇಸ್‌ಗಳಲ್ಲಿ ಒಪ್ಪವಾಗಿ ಸಿಗುತ್ತವೆ ನಿಜ. ಆದರೆ ಅಲ್ಲಿ ಚಂದಾ ಕಟ್ಟಿದವರಿಗಷ್ಟೇ ಪ್ರವೇಶ. ಈ ವಿವರಗಳೂ ಮುಕ್ತವಾಗಿರಬೇಕೆಂದು 2024ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಘೋಷಣೆ ಹೊರಬಂತು. ಅದಕ್ಕೆ ಸಹಿ ಹಾಕುವುದು ಕುಲಪತಿಗಳಿಗೆ ಬಿಟ್ಟದ್ದು. ಗ್ರಂಥಪಾಲಕರು, ಸಂಶೋಧನಾ ವಿಭಾಗದವರು ಅಲ್ಲಿಯವರೆಗೆ ಕಾಯಬೇಕಿಲ್ಲ.

ಮೊದಲು ಸಂಸ್ಥೆಯ ಹೆಸರು ಸರಿಪಡಿಸಿ. ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯವನ್ನು ಒಬ್ಬರು ಎಂ.ಎಸ್. ಯೂನಿವರ್ಸಿಟಿ ಎನ್ನುತ್ತಾರೆ, ಇನ್ನೊಬ್ಬರು ಬರೋಡಾ ಯೂನಿವರ್ಸಿಟಿ. ಸೂರತ್ತಿನ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯಕ್ಕೆ ವೀರ ನರ್ಮದ್ ಹೆಸರು ಸೇರಿದ್ದು ಆಮೇಲೆ. ಹೆಸರು ಎಷ್ಟೇ ಬದಲಾದರೂ, ಸಂಶೋಧನಾ ಸಂಸ್ಥೆಗಳ ಮುಕ್ತ ನೋಂದಣಿಯಾದ ಆರ್‌ಒಆರ್ ಕೊಡುವ ಗುರುತು ಬದಲಾಗುವುದಿಲ್ಲ. ನಿಮ್ಮ ಸಂಸ್ಥೆಯ ದಾಖಲೆ ತೆರೆದು ಹಳೆಯ ಹೆಸರು, ಸಂಕ್ಷಿಪ್ತ ಹೆಸರುಗಳು ಇವೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಕೇಳಿಕೊಳ್ಳಿ. ಖರ್ಚಿಲ್ಲ.

ಆಮೇಲೆ ಲೇಖಕರ ಹೆಸರು. ಇನಿಶಿಯಲ್ ಇರುವ ನಮ್ಮವರ ಪಾಡು ಗೊತ್ತೇ ಇದೆ: ಒಂದು ಪತ್ರಿಕೆಯಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ವಿದೇಶಿ ಪತ್ರಿಕೆಯಲ್ಲಿ ಊರಿನ ಹೆಸರೇ ಕುಟುಂಬದ ಹೆಸರು! ಒಬ್ಬರೇ ಮೂವರಾಗುತ್ತಾರೆ. ಇದಕ್ಕೆ ಮದ್ದು 16 ಅಂಕಿಗಳ ಆರ್ಕಿಡ್ ಸಂಖ್ಯೆ. ಅಧ್ಯಾಪಕರು ಅದನ್ನು ತಾವೇ ಪಡೆಯಬೇಕು, ಗ್ರಂಥಾಲಯದವರು ಅವರ ಪರವಾಗಿ ಮಾಡಿಕೊಡಬಾರದು. ಕಾಲೇಜಿನ ಇಮೇಲ್ ಜೊತೆ ಸ್ವಂತ ಇಮೇಲನ್ನೂ ಸೇರಿಸಲು ಹೇಳಿ. ನಿವೃತ್ತರಾದ ಮೇಲೂ ಖಾತೆ ಅವರದಾಗಿಯೇ ಉಳಿಯುತ್ತದೆ.

ನಿಜವಾದ ದುಡಿಮೆ ಇರುವುದು ಸಂಸ್ಥೆಯ ಸ್ವಂತ ಪತ್ರಿಕೆಗಳಲ್ಲಿ, ಅದರಲ್ಲೂ ಕನ್ನಡದವುಗಳಲ್ಲಿ. ದುಡ್ಡಿನ ಡೇಟಾಬೇಸ್‌ಗಳು ಕನ್ನಡ ಲೇಖನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ, ಹಾಗಾಗಿ ನಮಗೆ ಉಳಿದಿರುವುದು ಮುಕ್ತ ದಾರಿಯೇ. ಒಂದು ಪರೀಕ್ಷೆ ಮಾಡಿ: ನಿಮ್ಮ ಪತ್ರಿಕೆಯ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಇಮೇಲ್‌ಗೆ ಹಾಕಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನದು. ಗೂಗಲ್ ಓದುವುದೂ ಅದನ್ನೇ. ಮುಂದಿನ ಸಂಚಿಕೆಯಿಂದಾದರೂ ಯೂನಿಕೋಡ್‌ಗೆ ಬನ್ನಿ. ಲೇಖನಗಳಿಗೆ ಡಿಒಐ ಎಂಬ ಶಾಶ್ವತ ಗುರುತು ನೋಂದಾಯಿಸುವ ಕ್ರಾಸ್‌ರೆಫ್‌ನ ಸದಸ್ಯತ್ವಕ್ಕೆ ವಾರ್ಷಿಕ ಶುಲ್ಕವಿದೆ, ಕೊಡುವುದು ಸಾರ್ಥಕ. ಆದರೆ ಲೇಖನಕ್ಕೊಂದು ಡಿಒಐ ಅಂಟಿಸಿದರೆ ಕೆಲಸ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ಕನ್ನಡ ಮತ್ತು ಇಂಗ್ಲಿಷ್ ಶೀರ್ಷಿಕೆ, ಸಾರಾಂಶ, ಆರ್ಕಿಡ್, ಆರ್‌ಒಆರ್, ಪರವಾನಗಿ, ಮುಖ್ಯವಾಗಿ ಪೂರ್ಣ ಉಲ್ಲೇಖಪಟ್ಟಿ, ಎಲ್ಲವನ್ನೂ ಸಲ್ಲಿಸಬೇಕು. ಕ್ರಾಸ್‌ರೆಫ್ ತನ್ನಲ್ಲಿರುವ ಉಲ್ಲೇಖಪಟ್ಟಿಗಳನ್ನೆಲ್ಲ 2022ರಲ್ಲಿ ಮುಕ್ತಗೊಳಿಸಿದೆ. ನೀವು ಕೊಟ್ಟರೆ ತಾನೇ ಜಗತ್ತಿಗೆ ಸಿಗುವುದು?

ಪಿಎಚ್.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ. ಅಪ್‌ಲೋಡ್ ಮಾಡುವಾಗ ಕೀವರ್ಡ್ ಜಾಗದಲ್ಲಿ ‘ಕೆಮಿಸ್ಟ್ರಿ’ ಎಂದಷ್ಟೇ ತುಂಬಿ ಕೈತೊಳೆದುಕೊಳ್ಳಬೇಡಿ. ಊರು, ನದಿ, ತಾಲ್ಲೂಕು ಬರಲಿ; ವಟ್ವಾದಂಥ ಹೆಸರಾದರೆ ಎರಡೂ ಕಾಗುಣಿತ ಇರಲಿ.

ಇಷ್ಟಾದ ಮೇಲೆ ಓಪನ್‌ಅಲೆಕ್ಸ್ ಎಂಬ ಮುಕ್ತ ಸೂಚಿಯಲ್ಲಿ ನಿಮ್ಮ ಸಂಸ್ಥೆಯನ್ನು ಹುಡುಕಿ, ವಾರ್ಷಿಕ ವರದಿಯ ಪ್ರಕಟಣೆಗಳ ಪಟ್ಟಿಯೊಂದಿಗೆ ತಾಳೆ ನೋಡಿ. 2022ರಲ್ಲಿ ಆರಂಭವಾದ ಈ ಸೂಚಿಯಲ್ಲಿ ತಪ್ಪುಗಳು ಬೇಕಾದಷ್ಟಿವೆ. ಆದರೂ ನನ್ನ ಮತ ಇದಕ್ಕೇ. ದತ್ತಾಂಶ ಪೂರ್ತಿ ಬಯಲಿನಲ್ಲಿರುವುದರಿಂದ ತಪ್ಪನ್ನು ಯಾರು ಬೇಕಾದರೂ ಹಿಡಿದು ತಿದ್ದಿಸಬಹುದು. ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯ 2024ರಿಂದ ವೆಬ್ ಆಫ್ ಸೈನ್ಸ್ ಚಂದಾ ನಿಲ್ಲಿಸಿ ಇದರತ್ತ ತಿರುಗಿದೆ.

ಕೊನೆಗೆ ದುಡ್ಡಿನ ಮಾತು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಲೇಖನ ಓದಲು ಕೊಡುತ್ತದೆ. ಲೇಖಕರು, ಸಂಸ್ಥೆ, ಉಲ್ಲೇಖಗಳ ವಿವರಗಳನ್ನು ಮುಕ್ತಗೊಳಿಸುವ ಹೊಣೆ ಅದರದಲ್ಲ. ಅಧ್ಯಾಪಕರ ಪ್ರೊಫೈಲುಗಳಿಗೆ ಇನ್‌ಫ್ಲಿಬ್‌ನೆಟ್‌ನ ಐರಿನ್ಸ್ ಉಚಿತವಾಗಿ ಸಿಗುತ್ತದೆ, ಮೊದಲು ಅದನ್ನು ನೋಡಿ. ಖಾಸಗಿ ತಂತ್ರಾಂಶವೇ ಬೇಕೆಂದಾದರೆ ಟೆಂಡರಿನಲ್ಲೇ ಎರಡು ಷರತ್ತು ಬರೆಯಿರಿ: ನಾವು ತುಂಬಿದ ದತ್ತಾಂಶವನ್ನು ಯಾವಾಗ ಬೇಕಾದರೂ ಪೂರ್ತಿ ಹೊರತೆಗೆಯುವಂತಿರಬೇಕು, ಅದನ್ನು ಸಾರ್ವಜನಿಕವಾಗಿ ಪ್ರಕಟಿಸಲು ಕಂಪನಿಯ ತಕರಾರು ಇರಬಾರದು. ಒಪ್ಪಂದಕ್ಕೆ ರುಜು ಬಿದ್ದ ಮೇಲೆ ಕೇಳಿದರೆ ಅದಕ್ಕೂ ಬೇರೆ ಬಿಲ್ ಬರುತ್ತದೆ.