ಇಂಗ್ಲಿಷಿನ 'ವೆರಿ', ನಮ್ಮ 'ಭಾಳ'

ಒಂದು ಗುಣವನ್ನು ಹೇಳಿದರೆ ಸಾಲದು, ಅದರ ಪ್ರಮಾಣವನ್ನೂ ಹೇಳಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಏಪ್ರಿಲ್ ತಿಂಗಳಲ್ಲಿ ಬಸವಕಲ್ಯಾಣದ ಕೋಟೆಯ ಕಡೆಗೆ ನಡೆದು ಹೋದವನು 'ಬಿಸಿಲ ಅದ' ಎಂದಷ್ಟಕ್ಕೇ ಸುಮ್ಮನಾಗುವುದಿಲ್ಲ. 'ಭಾಳ ಬಿಸಿಲ ಅದ' ಎಂದೇ ಹೇಳುತ್ತಾನೆ. ಹೀಗೆ ಪ್ರಮಾಣವನ್ನು ಏರಿಸಿ ಹೇಳುವ ಪದಗಳನ್ನು ಅತಿಶಯವಾಚಕಗಳೆಂದು ಕರೆಯಬಹುದು. ಇಂಗ್ಲಿಷಿನ 'ವೆರಿ', 'ಟೂ', 'ಕ್ವೈಟ್', 'ಆಫುಲಿ' ಮುಂತಾದ ಕ್ರಿಯಾವಿಶೇಷಣಗಳು ಈ ಗುಂಪಿನವು. ಇವುಗಳ ಚರಿತ್ರೆಯನ್ನೂ ಬಳಕೆಯನ್ನೂ ನಮ್ಮ ಮನೆಮಾತಿನೊಡನೆ ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಒಂದು ಭಾಷೆಯನ್ನು ಇನ್ನೊಂದರ ಮೂಲಕ ಅರಿಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ನಾಗವರ್ಮನು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿ ಅದಕ್ಕೆ 'ಕರ್ಣಾಟಕ ಭಾಷಾಭೂಷಣ'ವೆಂದು ಹೆಸರಿಟ್ಟನು. ನಾವು ಕನ್ನಡದ ಬೆಳಕಿನಲ್ಲಿ ಇಂಗ್ಲಿಷನ್ನು ನೋಡಿದರೆ ತಪ್ಪೇನಿದೆ?

ಮೊದಲು 'ವೆರಿ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಇದು ಮೂಲತಃ ಇಂಗ್ಲಿಷ್ ಪದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚಿನಿಂದ ಬಂದ ನೂರಾರು ಪದಗಳಲ್ಲಿ ಇದೂ ಒಂದು. ಆಗ ಇದರ ಅರ್ಥ 'ನಿಜವಾದ' ಎಂದಿತ್ತು. 1400ರಲ್ಲಿ ತೀರಿಕೊಂಡ ಕವಿ ಚಾಸರನೂ ಇದನ್ನು ಈ ಅರ್ಥದಲ್ಲಿ ಬಳಸಿದ್ದಾನೆ. 'ವೆರಿಫೈ' ಎಂದರೆ ನಿಜವನ್ನು ಪರೀಕ್ಷಿಸು, 'ವರ್ಡಿಕ್ಟ್' ಎಂದರೆ ನಿಜನುಡಿ. ಇವೂ ಅದೇ ಬೇರಿನ ಚಿಗುರುಗಳು. ಕಾಲ ಕಳೆದಂತೆ 'ನಿಜವಾಗಿ ಒಳ್ಳೆಯದು' ಎಂಬುದು ಸವೆದು 'ಬಹಳ ಒಳ್ಳೆಯದು' ಎಂದಾಯಿತು. ಹುಮನಾಬಾದಿನ ಪೇಟೆಯಲ್ಲಿ ಬಟ್ಟೆ ನೋಡುವವರು 'ಖರೇನ ಛಲೋ ಅದ' ಎನ್ನುವಾಗ ಇದೇ ಕ್ರಿಯೆ ನಡೆದಿರುತ್ತದೆ. ಅಲ್ಲಿ 'ಖರೇ' ಎಂಬುದು ಸತ್ಯಾಸತ್ಯದ ವಿಚಾರಣೆಯಲ್ಲ, ಮೆಚ್ಚುಗೆಯ ಒತ್ತು.

'ವೆರಿ' ಬರುವುದಕ್ಕೆ ಮುಂಚೆ ಹಳೆಯ ಇಂಗ್ಲಿಷಿನಲ್ಲಿ 'ಸ್ವೀದೆ' ಎಂಬ ಪದ ಆ ಕೆಲಸ ಮಾಡುತ್ತಿತ್ತು. ಅದರ ಮೂಲಾರ್ಥ 'ಬಲವಾಗಿ'. ನಮ್ಮ 'ಬಲು' ಎಂಬುದೂ ಬಲವನ್ನು ಸೂಚಿಸುವ 'ಬಲ್' ಎಂಬ ಪದದಿಂದಲೇ ಬಂದಿದೆ. ಜರ್ಮನರ 'ಜೇರ್' ಎಂಬ ಅತಿಶಯವಾಚಕಕ್ಕೆ ಮೊದಲು 'ನೋವಿನಿಂದ' ಎಂಬ ಅರ್ಥವಿತ್ತು. 'ಆಫುಲಿ', 'ಟೆರಿಬ್ಲಿ' ಎಂಬ ಪದಗಳು ಭಯದಿಂದ ಹುಟ್ಟಿ, 19ನೆಯ ಶತಮಾನದ ಹೊತ್ತಿಗೆ ಸಂತೋಷದ ಮಾತಿಗೂ ಬಂದವು. ನಮ್ಮವರೂ 'ಭಯಂಕರ ಛಂದ' ಎನ್ನುತ್ತಾರೆ. ಅಲ್ಲಿ ಯಾರೂ ಅಂಜಿರುವುದಿಲ್ಲ. ಸತ್ಯ, ಬಲ, ನೋವು, ಭಯ ಇವೇ ಎಲ್ಲ ಜನರಿಗೂ ಒತ್ತು ಕೊಡುವ ಸಾಮಗ್ರಿಗಳೆಂದು ಇದರಿಂದ ತಿಳಿದುಬರುತ್ತದೆ.

ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲಬಾರಿಗೆ ಪದವಿ ತರಗತಿಯನ್ನು ಕಂಡವರು. ಇಂಗ್ಲಿಷ್ ಬಾರದೆಂಬ ಅಂಜಿಕೆ ಒಂದು ಕಡೆ. ನಮ್ಮ ಕನ್ನಡವೂ ಶುದ್ಧವಲ್ಲವೆಂಬ ಸಂಕೋಚ ಇನ್ನೊಂದು ಕಡೆ. ಈ ಸಂಕೋಚಕ್ಕೆ ಆಧಾರವಿಲ್ಲ. 'ಭಾಳ' ಎಂಬುದು 'ಬಹಳ'ವೇ. ನಡುವಿನ ಹಕಾರ ಮುಂದಿನ ಬಕಾರದೊಡನೆ ಬೆರೆತಿದೆ, ಅಷ್ಟೆ. ಬೀದರ ಪ್ರಾಂತ್ಯವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಕನ್ನಡ, ಮರಾಠಿ, ತೆಲುಗು ಸೀಮೆಗಳಾಗಿ ಹಂಚಿಹೋಯಿತು. ಆದರೆ ಮಾತುಗಳು ಹಂಚಿಹೋಗಲಿಲ್ಲ. 'ಬಿಲ್ಕುಲ್' ಎಂಬುದು ಅರಬ್ಬಿಯ ಪದ. 'ಸಮಗ್ರವಾಗಿ' ಎಂದು ಅದರ ಅರ್ಥ. 'ಏಕದಂ' ಎಂಬುದರಲ್ಲಿರುವ 'ದಂ' ಫಾರಸಿಯ ಉಸಿರು. ಒಂದೇ ಉಸಿರಿನಲ್ಲಿ ಎಂಬುದು ಮೂಲಭಾವ. ಇಂಗ್ಲಿಷರು ಫ್ರೆಂಚಿನ 'ವೆರಿ'ಯನ್ನು ಪಡೆದದ್ದು ಸಂಪತ್ತಾದರೆ, ನಾವು 'ಬಿಲ್ಕುಲ್' ಪಡೆದದ್ದು ದೋಷವಾಗುವುದು ಹೇಗೆ?

ಇನ್ನು ಬಳಕೆಯ ವಿಚಾರ. ನಮ್ಮ 'ಭಾಳ' ಎಲ್ಲ ಕಡೆಯೂ ಸಲ್ಲುತ್ತದೆ: ಭಾಳ ಛಲೋ, ಭಾಳ ಮಂದಿ, ಭಾಳ ನೀರು, ಭಾಳ ಓಡಿದ. ಇಂಗ್ಲಿಷಿನಲ್ಲಿ ಈ ಒಂದು ಪದದ ಕೆಲಸವನ್ನು ಹಲವು ಪದಗಳು ಹಂಚಿಕೊಂಡಿವೆ. ಗುಣವಾಚಕಕ್ಕೆ 'ವೆರಿ ಗುಡ್', ಎಣಿಸುವುದಕ್ಕೆ 'ಮೆನಿ', ಅಳೆಯುವುದಕ್ಕೆ 'ಮಚ್'. ಹೋಲಿಕೆ ಬಂದೊಡನೆ 'ವೆರಿ ಬೆಟರ್' ಎನ್ನಬಾರದು, 'ಮಚ್ ಬೆಟರ್' ಎನ್ನಬೇಕು. ಕ್ರಿಯಾಪದದ ಮುಂದೆ 'ಐ ವೆರಿ ಲೈಕ್' ಎಂದರೆ ತಪ್ಪು; 'ಐ ಲೈಕ್ ಇಟ್ ವೆರಿ ಮಚ್' ಎಂಬುದು ಸರಿ.

'ಟೂ' ಎಂಬುದನ್ನು 'ವೆರಿ'ಗೆ ಬದಲಾಗಿ ಬಳಸುವವರುಂಟು. ಚಹಾ 'ವೆರಿ ಹಾಟ್' ಎಂದರೆ ಬಹಳ ಬಿಸಿ. 'ಟೂ ಹಾಟ್' ಎಂದರೆ ಕುಡಿಯಲಾಗದಷ್ಟು ಬಿಸಿ. ಮಿತಿ ಮೀರಿತೆಂಬ ದೂರು 'ಟೂ'ದೊಳಗೆ ಅಡಗಿದೆ. 'ಕ್ವೈಟ್' ಇನ್ನೂ ಸೂಕ್ಷ್ಮವಾದುದು. 'ಕ್ವೈಟ್ ಇಂಪಾಸಿಬಲ್' ಎಂದರೆ ಪೂರ್ತಿ ಅಸಾಧ್ಯ. ಆದರೆ ಇಂಗ್ಲೆಂಡಿನವರು 'ಕ್ವೈಟ್ ಗುಡ್' ಎಂದರೆ ಅನೇಕ ವೇಳೆ 'ಪರವಾಗಿಲ್ಲ' ಎಂದಷ್ಟೇ ಅರ್ಥ.

'ದಿ ವೆರಿ ಎಂಡ್' ಎಂಬಲ್ಲಿ 'ವೆರಿ' ನಾಮಪದದ ಮುಂದೆ ನಿಂತಿದೆ. ಇಲ್ಲಿ 'ನಿಜವಾದ' ಎಂಬ ಹಳೆಯ ಅರ್ಥ ಇನ್ನೂ ಉಳಿದುಕೊಂಡಿದೆ. ಇದಕ್ಕೆ ಕನ್ನಡದಲ್ಲಿ ಬೇರೆ ಪದವೇ ಬೇಡ. ಪದದ ಮೊದಲ ಭಾಗವನ್ನೇ ಮರುನುಡಿದು 'ತುತ್ತತುದಿ' ಎನ್ನುತ್ತೇವೆ. 'ನಟ್ಟನಡು', 'ಕಟ್ಟಕಡೆ', 'ಮೊತ್ತಮೊದಲು' ಇವೆಲ್ಲ ಇದೇ ಜಾತಿಯವು. ಇಂಗ್ಲಿಷ್ ಎರವಲು ಪಡೆದ ಪದದಿಂದ ಮಾಡುವ ಕೆಲಸವನ್ನು ಕನ್ನಡ ತನ್ನ ಒಡಲಿನಿಂದಲೇ ಮಾಡಿಕೊಳ್ಳುತ್ತದೆ.

ಅತಿಶಯವಾಚಕಗಳಿಗೆ ಆಯುಷ್ಯ ಕಡಿಮೆ. ಹೆಚ್ಚು ಬಳಸಿದಷ್ಟೂ ಅವುಗಳ ಒತ್ತು ಇಳಿಯುತ್ತದೆ. ಆಗ ಹೊಸ ಪದ ಬೇಕಾಗುತ್ತದೆ. 1754ರಲ್ಲಿ ಚೆಸ್ಟರ್‌ಫೀಲ್ಡ್ ಪ್ರಭುವು 'ವಾಸ್ಟ್‌ಲಿ' ಎಂಬ ಪದದ ಹುಚ್ಚನ್ನು ಹಾಸ್ಯ ಮಾಡಿದನು. 'ವಾಸ್ಟ್' ಎಂದರೆ ವಿಶಾಲ. ಆದರೂ ಅಂದಿನ ಶ್ರೀಮಂತ ಮಹಿಳೆಯೊಬ್ಬಳು ಚಿಕ್ಕ ನಶ್ಯದ ಡಬ್ಬಿಯನ್ನು 'ವಿಶಾಲವಾಗಿ ಚಿಕ್ಕದು' ಎಂದು ಹೊಗಳಿದಳೆಂದು ಆತ ಬರೆದನು.

ಆದುದರಿಂದ ವಿದ್ಯಾರ್ಥಿ ಮಿತ್ರರು ಪ್ರಬಂಧ ಬರೆದು ಮುಗಿಸಿದ ಮೇಲೆ ಒಂದೊಂದು 'ವೆರಿ'ಯನ್ನೂ ಹೊಡೆದುಹಾಕಿ ಓದಿ ನೋಡಬೇಕು. ವಾಕ್ಯಕ್ಕೆ ನಷ್ಟವಾಗದಿದ್ದರೆ ಆ ಪದ ಅಲ್ಲಿ ಬೇಡವೆಂದೇ ತಿಳಿಯಬೇಕು. 'ವೆರಿ ಟಯರ್ಡ್' ಎನ್ನುವುದಕ್ಕಿಂತ 'ಎಕ್ಸಾಸ್ಟೆಡ್' ಎಂಬ ಒಂದೇ ಪದ ಗಟ್ಟಿ. ಇನ್ನು ಪರವೂರಿನಲ್ಲಿ ಯಾರಾದರೂ ನಮ್ಮ 'ಭಾಳ'ವನ್ನು ಕೇಳಿ ನಕ್ಕರೆ ಸಿಟ್ಟಾಗಬೇಕಾಗಿಲ್ಲ. ಆ ಪದ ಹೇಗೆ ಬಂತೆಂಬುದನ್ನು ಅವರಿಗೆ ತಿಳಿಸಿ, 'ವೆರಿ' ಎಲ್ಲಿಂದ ಬಂತೆಂದು ಅವರನ್ನೇ ಕೇಳಬಹುದು.